ನಲ್ಲಿ ನಿಲ್ಲಿಸಿದ ಕೈ

“ನಲ್ಲಿ ನಿಲ್ಲಿಸಿದ್ದು ಯಾರು ಮಾಮ?”

ಹಕ್ಕಿ ಮಾಮನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಕೊರಳಲ್ಲಿ ನೇತಾಡುತ್ತಿದ್ದ ದುರ್ಬೀನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, “ಯಾವ ನಲ್ಲಿ?” ಎಂದ.

“ಈ ಷೆಡ್ಡಿಗೆ ಇರೋದೇ ಒಂದು ನಲ್ಲಿ. ಇದು.”

ಕೆರೆಯಂಚಿನ ಆ ಸಸಿ ಷೆಡ್ಡಿನ ಮೂಲೆಯಲ್ಲಿ ಒಂದು ಸಿಮೆಂಟಿನ ತೊಟ್ಟಿ, ಅದರ ಮೇಲೆ ಹಿತ್ತಾಳೆಯ ಹಳೇ ನಲ್ಲಿ. ನಲ್ಲಿಯ ಕೆಳಗೆ ಗಿಡಕ್ಕೆ ನೀರು ಹಾಕುವ ತಗಡಿನ ಕ್ಯಾನು ಅರ್ಧ ತುಂಬಿ ನಿಂತಿತ್ತು. ತೊಟ್ಟಿಯ ಅಂಚಿನಲ್ಲಿ ಒಣಗಿ ಕಪ್ಪಾದ ರಕ್ತ. ನಿನ್ನೆ ಮುಸ್ಸಂಜೆ ಭಾವ ತಲೆಯೊಡೆದು ಬಿದ್ದದ್ದು ಇಲ್ಲಿಯೇ. ಮೊದಲು ಕಂಡವನು ಅವರ ಗೆಳೆಯ ಹಕ್ಕಿ ಮಾಮ. ಆಸ್ಪತ್ರೆಯಲ್ಲಿ ಅವರಿಗೆ ಇನ್ನೂ ಎಚ್ಚರ ಬಂದಿರಲಿಲ್ಲ.

ಭಾವ ಎಂದರೆ ಊರಿಗೆಲ್ಲ ಗಿಡದ ಮೇಷ್ಟ್ರು, ಕೆರೆ ಕಾಯುವ ಬಳಗದ ಹಿರಿಯರು. ಪ್ರಶ್ನೆ ಕೇಳುತ್ತಿದ್ದವಳು ಅವರ ಹೆಂಡತಿಯ ತಂಗಿ. ಪೊಲೀಸ್ ಕೆಲಸಕ್ಕೆ ರಾಜೀನಾಮೆ ಕೊಟ್ಟು ಸ್ವಂತ ಪತ್ತೇದಾರಿ ಕಚೇರಿ ತೆರೆದವಳು. ಅವಳು ನೌಕರಿ ಬಿಟ್ಟರೂ ನೌಕರಿಯ ಹೆಸರು ಅವಳನ್ನು ಬಿಡಲಿಲ್ಲ. ಹಾಲಿನವನಿಂದ ಹಿಡಿದು ಹಾಲಿ ಮೇಯರ್‌ವರೆಗೆ ಎಲ್ಲರಿಗೂ ಅವಳು ಇನ್ಸ್‌ಪೆಕ್ಟರಮ್ಮ.

“ಭಾವನ ಮುಷ್ಟೀಲಿ ಏನಿತ್ತು ಹೇಳಿ,” ಎಂದಳು.

“ಜರಡಿ ಮೂತಿ. ಈ ಕ್ಯಾನಿಂದು. ಆಸ್ಪತ್ರೇಲಿ ಬೆರಳು ಬಿಡಿಸೋಕೆ ನರ್ಸು ಕಷ್ಟಪಟ್ಟಳು.”

“ಅಂದ್ರೆ ಕ್ಯಾನು ತುಂಬಲಿ ಅಂತ ಜರಡಿ ಬಿಚ್ಚಿ ಕೈಲಿ ಹಿಡ್ಕೊಂಡು ನಿಂತಿದ್ರು. ನೀರು ಹರೀತಿತ್ತು. ಆಗ ಬಿದ್ರು. ಕ್ಯಾನು ಅರ್ಧಕ್ಕೇ ನಿಂತಿದೆ. ನೆಲ ಒದ್ದೆ ಇಲ್ಲ. ಹಾಗಾದ್ರೆ ನಲ್ಲಿ ನಿಲ್ಲಿಸಿದ್ದು ಯಾರು? ನೀವಾ?”

“ನಾನು ಬಂದಾಗ ನಿಂತೇ ಇತ್ತು ತಾಯಿ. ಹರೀತಿದ್ರೆ ನಿಲ್ಲಿಸದೇ ಇರ್ತಿದ್ನಾ?”

“ನಿಲ್ಲಿಸ್ತಿದ್ರಿ. ಮನೆಗೆ ಬೆಂಕಿ ಬಿದ್ದಿದ್ರೂ ಮೊದಲು ನಲ್ಲಿ ನಿಲ್ಲಿಸಿ ಆಮೇಲೆ ಓಡೋ ಜನ ನೀವು. ನಾನು ಹೇಳ್ತಿರೋದೂ ಅದನ್ನೇ.”

ಹಕ್ಕಿ ಮಾಮನ ಮುಖ ಸಪ್ಪಗಾಯಿತು. ಬಳಗದ ಜನರನ್ನು ಅವನು ಬಲ್ಲ. ಮದುವೆ ಮನೆಯಲ್ಲಿ ಬೇರೆಯವರು ಕುಡಿದು ಬಿಟ್ಟ ನೀರನ್ನೂ ಹುಡುಕಿಕೊಂಡು ಹೋಗಿ ಕುಂಡಕ್ಕೆ ಸುರಿಯುವವರು. ಖಾಲಿ ಕೋಣೆಯಲ್ಲಿ ಫ್ಯಾನು ತಿರುಗುತ್ತಿದ್ದರೆ ಅವರಿಗೆ ಅನ್ನ ಇಳಿಯುವುದಿಲ್ಲ. ಆದರೆ ಬಾಡಿಗೆ ಗೂಂಡಾ ಒಬ್ಬ ಮುದುಕನ ತಲೆ ಒಡೆದ ಮೇಲೆ ನೀರು ಪೋಲಾಗುತ್ತದೆಂದು ಹಿಂತಿರುಗಿ ಬಂದು ನಲ್ಲಿ ತಿರುಪುತ್ತಾನೆಯೇ?

“ಡ್ರೈವರ್‌ನ ಹಿಡ್ಕೊಂಡು ಹೋಗಿದ್ದಾರಲ್ಲ?” ಎಂದ ಮಾಮ, ದನಿ ತಗ್ಗಿಸಿ.

ಹೌದು, ಹಿಡಿದಿದ್ದರು. ಈ ವಾರ್ಡಿನಿಂದ ಪಾಲಿಕೆ ಚುನಾವಣೆಗೆ ನಿಂತಿದ್ದ ಕಂಟ್ರಾಕ್ಟರನ ಡ್ರೈವರ್ ನಿನ್ನೆ ಸಂಜೆ ಷೆಡ್ಡಿನ ಗೇಟಿನ ಬಳಿ ಕಂಡಿದ್ದ. ಅಷ್ಟು ಸಾಕಾಯಿತು. ಕಂಟ್ರಾಕ್ಟರನಿಗೆ ಕೆರೆಯಂಗಳ ಮುಚ್ಚಿ ಅಂಗಡಿ ಸಾಲು ಕಟ್ಟುವ ಆಸೆ ಎಂಬುದು ಊರಿಗೇ ಗೊತ್ತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗೆ, ಪೊಲೀಸರು ಡ್ರೈವರನನ್ನು ಲಾಕಪ್ಪಿಗೆ ತಳ್ಳಿದರು, ಊರವರು ಕಂಟ್ರಾಕ್ಟರನನ್ನು ಕೊಲೆಗಡುಕ ಎಂದರು. ಇವತ್ತು ಐದು ಗಂಟೆಗೆ ಬಳಗ ತನ್ನ ಬೆಂಬಲ ಯಾರಿಗೆ ಎಂದು ಸಾರಲಿದೆ. ಸುತ್ತಲಿನ ಬೀದಿಗಳು ಬಳಗ ತೋರಿಸಿದ ಕಡೆಗೇ ಓಟು ಹಾಕುತ್ತವೆ. ಡ್ರೈವರ್ ತಪ್ಪಿತಸ್ಥನಲ್ಲದಿದ್ದರೆ ಆ ಓಟು ಸುಳ್ಳಿನ ಮೇಲೆ ಬೀಳುತ್ತದೆ, ಒಬ್ಬ ನಿರಪರಾಧಿ ಜೈಲಿಗೆ ಹೋಗುತ್ತಾನೆ.

ಡ್ರೈವರ್ ಹೇಳುವುದು ಒಂದೇ ಮಾತು: “ಸಾಹೇಬರ ಗಿಡ ವಾಪಸ್ ಕೊಡೋಕೆ ಹೋಗಿದ್ದೆ. ಗೇಟಿನ ಹತ್ರ ಇಟ್ಟು ಬಂದೆ.”

ಗಿಡದ ವಿಷಯ ನಿಜ. ಅದು ಭಾವ ಹುಟ್ಟುಹಾಕಿದ ಪದ್ಧತಿ. ಬೆಂಬಲ ಕೇಳಿ ಬಂದ ಅಭ್ಯರ್ಥಿಗೆ ಬಳಗ ಭಾಷಣ ಮಾಡುವುದಿಲ್ಲ, ಕೈಗೊಂದು ಸಸಿ ಕೊಟ್ಟು ಕಳಿಸುತ್ತದೆ. ನೋಡಿಕೊಂಡು ಚುನಾವಣೆಗೆ ಮುಂಚೆ ವಾಪಸ್ ತರಬೇಕು. ಬದುಕಿದ್ದರೆ ಸಂತೋಷ. ಸತ್ತಿದ್ದರೆ ಸತ್ತ ಗಿಡವನ್ನೇ ತಂದು, ಸತ್ತಿತು ಎಂದು ಹೇಳಿದರೆ ಸಾಕು. “ಗಿಡ ಸಾಯಿಸಿದವನಿಗೆ ಓಟು ಕೊಡಬಹುದು, ಸುಳ್ಳು ಹೇಳಿದವನಿಗೆ ಕೊಡೋಕಾಗಲ್ಲ,” ಎಂದು ಭಾವ ಪ್ರತಿ ಚುನಾವಣೆಗೂ ಹೇಳುತ್ತಿದ್ದರು. ಇನ್ನೊಂದು ಕಟ್ಟುಪಾಡೂ ಇತ್ತು. ಬಳಗದಲ್ಲಿ ಒಬ್ಬರು ‘ಇಲ್ಲ’ ಎಂದರೂ ಬೆಂಬಲ ಇಲ್ಲ.

ಇನ್ಸ್‌ಪೆಕ್ಟರಮ್ಮ ನಲ್ಲಿಯ ಬಳಿ ಬಗ್ಗಿದಳು. ನಲ್ಲಿಯ ಬಾಯಿಗೆ ಕೆಂಗಂದು ಬಣ್ಣದ ಉಣ್ಣೆ ದಾರ ಕಟ್ಟಿತ್ತು. ಅದರ ತುದಿ ಕ್ಯಾನಿನೊಳಗೆ ಇಳಿದಿತ್ತು. ಹನಿಗಳು ದಾರ ಹಿಡಿದು ಸದ್ದಿಲ್ಲದೆ ಕ್ಯಾನಿನೊಳಕ್ಕೆ ಜಾರುತ್ತಿದ್ದವು. ಅವಳ ತುಟಿಯಲ್ಲಿ ಸಣ್ಣ ನಗೆ ಬಂತು. ಚಿಕ್ಕಂದಿನಲ್ಲಿ ಬಚ್ಚಲಿನ ನಲ್ಲಿ ಸೋರಿ ಮಕ್ಕಳ ನಿದ್ದೆ ಕೆಡಿಸಿದಾಗಲೆಲ್ಲ ಅಮ್ಮ ಹೀಗೆಯೇ ದಾರ ಕಟ್ಟುತ್ತಿದ್ದಳು. ಅಕ್ಕ ಯಾವಾಗಲೋ ಇಲ್ಲೂ ಕಟ್ಟಿರಬೇಕು ಅಂದುಕೊಂಡು ಬೆಂಚಿನ ಕಡೆ ತಿರುಗಿದಳು.

ಬೆಂಚಿನ ಮೇಲೆ ಎರಡು ಕುಂಡ. ಒಂದು ಕಂಟ್ರಾಕ್ಟರನದು, ಪೊಲೀಸರು ಗೇಟಿನಿಂದ ಎತ್ತಿ ತಂದಿಟ್ಟದ್ದು. ಗಿಡ ಒಣಗಿ ಕಡ್ಡಿಯಾಗಿತ್ತು. ಇನ್ನೊಂದರ ಮೇಲೆ ಅವನ ಎದುರು ನಿಂತಿದ್ದ ಲಾಯರಮ್ಮನ ಹೆಸರು. ಊರೆಲ್ಲ ಬಳಗದ ಬೆಂಬಲ ಅವಳಿಗೇ ಎನ್ನುತ್ತಿತ್ತು. ಅವಳ ಕುಂಡ ಮಾತ್ರ ಖಾಲಿ. ಹಸಿರಾಗಿ ನಳನಳಿಸುವ ಗಿಡವನ್ನು ಯಾರೋ ಬೇರುಮಣ್ಣಿನ ಸಮೇತ ಕಳಚಿ ಪಕ್ಕದಲ್ಲಿ ಮಲಗಿಸಿದ್ದರು.

“ಇದನ್ನ ಭಾವನೇ ತೆಗೆದದ್ದಾ?”

“ಇನ್ನಾರು? ಗೆದ್ದ ಗಿಡವನ್ನ ಇವತ್ತು ಸಭೆ ಮುಗಿದ ಮೇಲೆ ಏರಿ ಮೇಲೆ ನೆಡಬೇಕಲ್ಲ. ನಿನ್ನೆ ಮಧ್ಯಾಹ್ನ ಅದರ ಬೇರು ನೋಡ್ತಾ ಕೂತಿದ್ದ. ನಾನು ಹೊರಟೆ ಅಂದ್ರೂ ತಲೆ ಎತ್ತಲಿಲ್ಲ.”

ಅವಳು ಕಂಟ್ರಾಕ್ಟರನ ಕುಂಡವನ್ನು ಬೋರಲು ಹಾಕಿದಳು. ಕಪ್ಪು ಮಣ್ಣಿನ ಜೊತೆ ನೀಲಿ ಪಿಂಗಾಣಿಯ ಚೂರೊಂದು ಉದುರಿತು. ಅದನ್ನು ನೋಡಿದ ಕೂಡಲೇ ಗುರುತು ಸಿಕ್ಕಿತು. ಅಕ್ಕನ ಮದುವೆಯಲ್ಲಿ ಬಂದ ನೀಲಿ ತಟ್ಟೆಗಳು ಒಂದೊಂದಾಗಿ ಒಡೆದಾಗ ಭಾವ ಒಂದು ಚೂರನ್ನೂ ಎಸೆಯಲಿಲ್ಲ. ಪ್ರತಿ ಕುಂಡದ ತಳದ ತೂತಿಗೂ ಅಡ್ಡ ಇಡುವುದು ಆ ಚೂರುಗಳನ್ನೇ.

ಲಾಯರಮ್ಮನ ಕುಂಡದ ತಳದಲ್ಲಿ ಚೂರಿರಲಿಲ್ಲ, ಪ್ಲಾಸ್ಟಿಕ್ ಬಲೆಯ ತುಂಡಿತ್ತು. ಬೇರಿಗೆ ಅಂಟಿದ್ದ ಮಣ್ಣು ಕೆಂಪು. ಭಾವನ ಕೈಯಿಂದ ಕೆಂಪು ಮಣ್ಣಿನ ಸಸಿ ಎಂದೂ ಹೊರಗೆ ಹೋದದ್ದಿಲ್ಲ.

“ಮಾಮ, ಇದು ಅಂಗಡಿ ಗಿಡ,” ಎಂದಳು. ಕೆಂಪು ಮಣ್ಣಿನ ಒಂದು ಹೆಂಟೆಯನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಹೊರಟೇಬಿಟ್ಟಳು.

*

ಲಾಯರಮ್ಮನ ಚುನಾವಣಾ ಕಚೇರಿ ಎಂದರೆ ಬಾಡಿಗೆಗೆ ಹಿಡಿದ ಒಂದು ಮಳಿಗೆ. ಗೋಡೆಯ ತುಂಬ ಅವಳದೇ ನಗುವ ಮುಖ. ಆ ನಗುವಿನ ಕೆಳಗೆ ಕೂತು ಹೆಂಗಸರು ಕರಪತ್ರ ಮಡಚುತ್ತಿದ್ದರು. ಸಂಜೆಯ ಸಭೆಗೆ ಹೊರಡಲು ಸಿದ್ಧಳಾಗಿದ್ದ ಲಾಯರಮ್ಮ ಇನ್ಸ್‌ಪೆಕ್ಟರಮ್ಮನನ್ನು ಕಂಡು ಎದ್ದು ಬಂದಳು.

“ಮೇಡಂ, ಮೇಷ್ಟ್ರು ಹೇಗಿದ್ದಾರೆ? ಎಚ್ಚರ ಆಯ್ತಾ?”

“ಇಲ್ಲ. ಒಳಗೆ ಕೂತು ಮಾತಾಡೋಣ ಬನ್ನಿ.”

ಹಿಂದಿನ ಕೋಣೆಯಲ್ಲಿ ಬಾಗಿಲು ಹಾಕಿದ ಮೇಲೆ ಇನ್ಸ್‌ಪೆಕ್ಟರಮ್ಮ ಕರವಸ್ತ್ರ ಬಿಚ್ಚಿ ಮಣ್ಣಿನ ಹೆಂಟೆಯನ್ನು ಮೇಜಿನ ಮೇಲಿಟ್ಟಳು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಕುಂಬಳಕಾಯಿ ಎಂದು ಯಾರೂ ಅಂದಿರಲಿಲ್ಲ, ಆದರೂ ಲಾಯರಮ್ಮನ ಕೈ ಕೊರಳಿಗೆ ಹೋಯಿತು.

“ಇದೇನಿದು?”

“ನಿಮ್ಮ ಗಿಡದ ಬುಡದ್ದು. ಬಳಗದವರು ಕೊಟ್ಟದ್ದು ಕಪ್ಪು ಮಣ್ಣಿನ ಸಸಿ. ಅದೆಲ್ಲಿ?”

“ಮಣ್ಣು ಯಾವ ಬಣ್ಣ ಆದ್ರೇನು ಮೇಡಂ? ಕೋರ್ಟಲ್ಲಿ ಇದನ್ನ ಸಾಕ್ಷಿ ಅಂತಾರಾ?”

“ಕೋರ್ಟಿಗೆ ಆಮೇಲೆ ಹೋಗೋಣ. ಲಾಕಪ್ಪಲ್ಲಿ ಒಬ್ಬ ಡ್ರೈವರ್ ಇದ್ದಾನೆ. ಸತ್ತ ಗಿಡಾನ ಸತ್ತಿದೆ ಅಂತಲೇ ತಂದಿಟ್ಟು ಹೋದ. ನಿಮ್ಮಿಬ್ಬರಲ್ಲಿ ಈಗ ಒಳಗಿರಬೇಕಾದವರು ಯಾರು ಅಂತ ನೀವೇ ಹೇಳಿ, ವಕೀಲರೇ.”

ಲಾಯರಮ್ಮ ಕುರ್ಚಿಗೆ ಒರಗಿದಳು. ಸೋತವರ ಹಾಗಲ್ಲ, ದಣಿದವರ ಹಾಗೆ. ಕೆಟ್ಟವಳಲ್ಲ ಅವಳು. ಕೆರೆಗೆ ಕೊಳಚೆ ಬಿಡುತ್ತಿದ್ದವರ ಮೇಲೆ ವರ್ಷಗಟ್ಟಲೆ ಕೇಸು ನಡೆಸಿದವಳು. ಅದಕ್ಕೇ ಇನ್ಸ್‌ಪೆಕ್ಟರಮ್ಮನಿಗೆ ಸಿಟ್ಟು ಇನ್ನೂ ಹೆಚ್ಚಾಯಿತು. ಕೆಟ್ಟವರು ಸುಳ್ಳು ಹೇಳಿದರೆ ಅವಳಿಗೆ ಇಷ್ಟು ಸಿಟ್ಟು ಬರುವುದಿಲ್ಲ.

“ಪ್ರಚಾರದ ಗಡಿಬಿಡೀಲಿ ಒಣಗಿಹೋಯ್ತು ಮೇಡಂ. ನಾಚಿಕೆ ಆಯ್ತು. ಹಸಿರು ಹಸಿರು ಅಂತ ಬಾಯಿ ಬಡ್ಕೊಳ್ಳೋಳು ಒಂದು ಗಿಡ ಉಳಿಸ್ಕೊಳ್ಳಲಿಲ್ಲ ಅಂತ ಆ ಕಂಟ್ರಾಕ್ಟರ್ ಮೈಕಲ್ಲಿ ಕೂಗ್ತಿದ್ದ.”

“ಭಾವನ ಹತ್ರ ಹೇಳಿದ್ರೆ ಮುಗೀತಿತ್ತಲ್ಲ. ಸತ್ತ ಗಿಡಕ್ಕೆ ಕ್ಷಮೆ ಇದೆ.”

“ಹೇಳೋಣ ಅಂತಲೇ ಹೋಗಿದ್ದೆ. ಅವರಿರಲಿಲ್ಲ. ಇದ್ದವರ ಹತ್ರ ಹೇಳ್ಕೊಂಡೆ. ‘ಬೇರೆ ತಂದಿಟ್ಟುಬಿಡು, ಅವರಿಗೆ ಗೊತ್ತಾಗಲ್ಲ’ ಅಂದ್ರು.”

“ಯಾರು?”

ಹೊರಗೆ ಕರಪತ್ರ ಮಡಚುವವರು ಯಾವುದಕ್ಕೋ ಗೊಳ್ಳೆಂದು ನಕ್ಕರು. ಲಾಯರಮ್ಮ ಮಣ್ಣನ್ನೇ ನೋಡುತ್ತಿದ್ದಳು.

“ಅದೊಂದು ಕೇಳ್ಬೇಡಿ ಮೇಡಂ. ನಿಮ್ಮ ಕಾಲಿಗೆ ಬೀಳ್ತೀನಿ.”

“ನಿನ್ನೆ ಭಾವ ನಿಮಗೆ ಫೋನ್ ಮಾಡಿದ್ರಾ?”

“ಮಾಡಿದ್ರು. ಸಂಜೆ ಮುಂದೆ. ಬೈಯಲಿಲ್ಲ. ‘ನಾಳೆ ಸಭೇಲಿ ನಾನು ಇಲ್ಲ ಅಂತೀನಿ ತಾಯಿ, ಮನಸ್ಸಿಗೆ ಹಚ್ಕೋಬೇಡ’ ಅಂದ್ರು. ಅಷ್ಟೇ.”

“ಆಮೇಲೆ ನೀವು ಷೆಡ್ಡಿಗೆ ಹೋದ್ರಿ.”

“ಇಲ್ಲ! ದೇವರಾಣೆ ಇಲ್ಲ. ಇಷ್ಟು ಜನ ನನ್ನ ಜೊತೆ ಮನೆಮನೆ ತಿರುಗ್ತಿದ್ರು, ಯಾರನ್ನಾದ್ರೂ ಕೇಳಿ. ನಾನು… ನಾನು ಅವರಿಗೇ ಫೋನ್ ಮಾಡಿದೆ. ಬೇರೆ ಗಿಡ ತರೋಕೆ ಹೇಳಿದ್ರಲ್ಲ, ಅವರಿಗೆ.”

“ಅವರೇನಂದ್ರು?”

ಲಾಯರಮ್ಮ ತಲೆಯೆತ್ತಿದಳು. ಕಣ್ಣಲ್ಲಿ ನೀರಿತ್ತು.

“‘ನೀನು ಪ್ರಚಾರ ನೋಡ್ಕೋ. ನಮ್ಮನೆಯವರನ್ನ ನಾನು ನೋಡ್ಕೋತೀನಿ’ ಅಂದ್ರು.”

ಇನ್ಸ್‌ಪೆಕ್ಟರಮ್ಮ ಹೆಂಟೆಯನ್ನು ಮತ್ತೆ ಕರವಸ್ತ್ರಕ್ಕೆ ಸುತ್ತಿಕೊಂಡು ಎದ್ದಳು. ಭಾವನನ್ನು ‘ನಮ್ಮನೆಯವರು’ ಎನ್ನುವ ಹಕ್ಕು ಲೋಕದಲ್ಲಿ ಒಬ್ಬಳಿಗೇ ಇತ್ತು.

*

ಸಭೆಯ ಹಾಲ್‌ಗೆ ನಡೆದು ಹೋಗುವಾಗ ಅವಳು ತನ್ನ ಜೊತೆಗೆ ತಾನೇ ವಾದ ಮಾಡಿದಳು. ಅಕ್ಕ ಷೆಡ್ಡಿಗೆ ಹೋಗದೆಯೂ ಇರಬಹುದು. ಫೋನಿನಲ್ಲೇ ಮಾತಾಡಿರಬಹುದು. ಗಿಡ ಬದಲಿಸು ಎಂದವಳು ಗಂಡನ ತಲೆ ಒಡೆಯುತ್ತಾಳೆಯೇ? ರಾತ್ರಿಯೆಲ್ಲ ಆಸ್ಪತ್ರೆಯ ಬೆಂಚಿನ ಮೇಲೆ ತಂಗಿಯ ಹೆಗಲಿಗೆ ತಲೆಯಿಟ್ಟು ಅತ್ತವಳು ಅಕ್ಕ. ಅಮ್ಮ ಹೋದ ಮೇಲೆ ತಂಗಿಗೆ ಜಡೆ ಹಾಕಿ ಶಾಲೆಗೆ ಕಳಿಸಿದವಳು.

ಆದರೆ ರಾತ್ರಿಯೆಲ್ಲ ಅತ್ತ ಅಕ್ಕ ಒಂದು ಮಾತು ಕೇಳಿರಲಿಲ್ಲ. ತಂಗಿ ಪತ್ತೇದಾರಿ. ಎಂಥೆಂಥ ಕಳ್ಳರನ್ನೋ ಹಿಡಿದವಳು. ಗಂಡ ಸಾವುಬದುಕಿನ ನಡುವೆ ಮಲಗಿರುವಾಗ ‘ಯಾರು ಮಾಡಿದ್ದು ಅಂತ ಕಂಡುಹಿಡಿಯೇ’ ಎಂದು ಯಾವ ಹೆಂಡತಿಯಾದರೂ ಕೇಳುತ್ತಾಳೆ. ಅಕ್ಕ ಕೇಳಲಿಲ್ಲ. ತಂಗಿ ತಾನಾಗಿಯೇ ಷೆಡ್ಡಿಗೆ ಹೊರಟಾಗ, “ಪೊಲೀಸರು ನೋಡ್ಕೋತಾರೆ ಬಿಡೇ,” ಎಂದಿದ್ದಳು.

ದೀಪದ ಕೆಳಗೇ ಕತ್ತಲು ಎನ್ನುತ್ತಾರೆ. ಆ ಮಾತು ತನ್ನ ಮನೆಗೇ ತಟ್ಟುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಅವಳಿಗೆ ಹೆದರಿಕೆಯಾಯಿತು. ಚಾಕು ಹಿಡಿದವರ ಮುಂದೆ ನಿಂತಾಗಲೂ ಆಗದ ಹೆದರಿಕೆ.

ಹಾಲ್ ತುಂಬುತ್ತಿತ್ತು. ಜನ ಗುಜುಗುಜು ಮಾತಾಡುತ್ತಿದ್ದರು. ಪ್ರತಿ ಬಾಯಲ್ಲೂ ಕಂಟ್ರಾಕ್ಟರನಿಗೆ ಶಾಪ. ಹಕ್ಕಿ ಮಾಮ ಬಾಗಿಲ ಬಳಿ ನಿಂತು ಜೇಬಿನಿಂದ ಏನೋ ತೆಗೆದು ನೋಡುತ್ತಿದ್ದ, ಕಪ್ಪು ರಬ್ಬರಿನ ಪುಟ್ಟ ಬಿಲ್ಲೆ.

“ಏನು ಮಾಮ ಅದು?”

“ವಾಷರ್. ಷೆಡ್ಡಿನ ನಲ್ಲಿಗೆ ಅಂತ ತಂದಿದ್ದೆ, ನಿನ್ನೆಯ ಗಲಾಟೇಲಿ ಜೇಬಲ್ಲೇ ಉಳೀತು. ಆ ಹಾಳು ನಲ್ಲಿ ಟಪ್ ಟಪ್ ಅಂತ ನನ್ನ ಪ್ರಾಣ ತೆಗೀತು ನೋಡು. ನಿನ್ನೆ ಮಧ್ಯಾಹ್ನ ಒಂದು ಅಪರೂಪದ ಹಕ್ಕಿ ಷೆಡ್ಡಿನ ಮೇಲೇ ಕೂತು ಹಾಡ್ತಿತ್ತು. ರೆಕಾರ್ಡ್ ಮಾಡ್ಕೊಂಡು ಮನೇಲಿ ಹಾಕಿ ಕೇಳಿದ್ರೆ, ಹಕ್ಕಿಗಿಂತ ನಲ್ಲೀನೇ ಚೆನ್ನಾಗಿ ಹಾಡಿದೆ!”

ಅವಳು ನಗಲಿಲ್ಲ. “ನಿನ್ನೆ ಮಧ್ಯಾಹ್ನವೂ ಸದ್ದು ಮಾಡ್ತಿತ್ತಾ?”

“ನಾನು ಹೊರಡೋವರೆಗೂ ಬಡ್ಕೊಳ್ತಾನೇ ಇತ್ತು. ನಿಮ್ಮ ಭಾವನಿಗೇನು, ಕಿವಿ ಮಂದ. ಅವನಿಗೆ ಕೇಳಿಸಿದ್ರೆ ತಾನೇ ರಿಪೇರಿ?”

“ಸಂಜೆ ನೀವು ಭಾವನ್ನ ನೋಡಿದಾಗ? ಆಗ ಕೇಳಿಸ್ತಾ?”

ಮಾಮ ಕತ್ತನ್ನು ಒಂದು ಕಡೆಗೆ ವಾಲಿಸಿದ. ಮರದ ತುದಿಯ ಹಕ್ಕಿಯನ್ನು ದನಿಯಿಂದಲೇ ಗುರುತಿಸುವ ಆ ಕಿವಿಗಳು ನಿನ್ನೆಯ ಸಂಜೆಯನ್ನು ಮತ್ತೆ ಕೇಳಿಸಿಕೊಳ್ಳುತ್ತಿದ್ದವು.

“ಇಲ್ಲ ತಾಯಿ,” ಎಂದ ನಿಧಾನವಾಗಿ. “ಷೆಡ್ಡು ತಣ್ಣಗಿತ್ತು.”

ಹಾಗಾದರೆ ಆ ದಾರ ಹಳೆಯದಲ್ಲ. ಮಾಮ ಮಧ್ಯಾಹ್ನ ಹೊರಟ ಮೇಲೆ, ಸಂಜೆ ಬರುವ ಮೊದಲು ಕಟ್ಟಿದ್ದು. ಕಿವಿ ಕೇಳದ ಭಾವ ಸದ್ದು ಅಡಗಿಸಲು ದಾರ ಕಟ್ಟುವುದಿಲ್ಲ. ನಲ್ಲಿ ನಿಲ್ಲಿಸುವ ಅಭ್ಯಾಸ ಇಡೀ ಬಳಗದ್ದು. ಆದರೆ ಹನಿಗೆ ದಾರ ಕಟ್ಟುವುದು ಒಂದೇ ಮನೆಯ ಅಭ್ಯಾಸ. ಆ ಮನೆಯಲ್ಲಿ ಈಗ ಉಳಿದವರು ಇಬ್ಬರೇ ಹೆಣ್ಣುಮಕ್ಕಳು.

*

ವೇದಿಕೆಯ ಹಿಂದಿನ ಕೋಣೆಯಲ್ಲಿ ಅಕ್ಕ ಮುಖ ತೊಳೆಯುತ್ತಿದ್ದಳು. ಭಾವ ಬಳಗದ ಹಿರಿಯರಾದರೆ ಅಕ್ಕ ಅದರ ಕಾರ್ಯದರ್ಶಿ. ಗಂಡ ಗಿಡ ನೋಡಿಕೊಂಡರೆ ಇವಳು ಜನರನ್ನು ನೋಡಿಕೊಂಡವಳು. ನಲ್ಲಿ ನಿಲ್ಲಿಸಿ, ಇನ್ನೊಮ್ಮೆ ಒತ್ತಿ ತಿರುಪಿ, ಹನಿ ಬೀಳುತ್ತದೆಯೇ ಎಂದು ಕಾದು ನೋಡಿ ತಿರುಗಿದಳು.

“ಬಂದ್ಯಾ? ಬೆಳಗ್ಗೆಯಿಂದ ಏನೂ ತಿಂದಿಲ್ಲ ಅಲ್ವಾ ನೀನು? ಮುಖ ನೋಡು ಹೇಗಾಗಿದೆ.”

ಕುರ್ಚಿಯ ಬೆನ್ನಿಗೆ ಅಕ್ಕನ ಶಾಲು ನೇತಾಡುತ್ತಿತ್ತು. ಕೆಂಗಂದು ಬಣ್ಣದ ಉಣ್ಣೆಯ ಶಾಲು. ಇನ್ಸ್‌ಪೆಕ್ಟರಮ್ಮ ಅದರ ಅಂಚನ್ನು ಕೈಗೆ ತೆಗೆದುಕೊಂಡು ಕುಚ್ಚುಗಳ ಮೇಲೆ ಬೆರಳಾಡಿಸಿದಳು. ಒಂದು ಕಡೆ ಕುಚ್ಚು ಇರಲಿಲ್ಲ. ಕಿತ್ತ ಜಾಗದಲ್ಲಿ ನೂಲು ಹಿಂಜಿಕೊಂಡಿತ್ತು.

ಅಕ್ಕ ಒರೆಸಿಕೊಳ್ಳುತ್ತಿದ್ದ ಟವೆಲ್ಲನ್ನು ಕೆಳಗಿಳಿಸಿದಳು.

“ಅಕ್ಕ,” ಎಂದಳು ತಂಗಿ. ಪೊಲೀಸ್ ದನಿಗೆಂದು ಬಾಯಿ ತೆರೆದರೆ ಹೊರಗೆ ಬಂದದ್ದು ಚಿಕ್ಕ ಹುಡುಗಿಯ ದನಿ. “ಷೆಡ್ಡಿನ ನಲ್ಲಿಗೆ ದಾರ ಕಟ್ಟಿದ್ದು ನೀನಾ?”

ಅಕ್ಕ ಸುಳ್ಳು ಹೇಳಬಹುದಿತ್ತು. ಎಂದೋ ಕಟ್ಟಿದ್ದು ಎನ್ನಬಹುದಿತ್ತು. ತಂಗಿ ಅದನ್ನೇ ಆಸೆಪಟ್ಟು ಕಾದಳು. ಅಕ್ಕ ಸ್ಟೂಲಿನ ಮೇಲೆ ಮೆಲ್ಲಗೆ ಕೂತಳು.

“ನೀರು ಸುಮ್ಮನೆ ಹರಿದು ಹೋಗ್ತಿತ್ತು ಕಣೇ,” ಎಂದಳು. “ನಿಲ್ಲಿಸಿದೆ. ನಿಲ್ಲಿಸಿದ್ರೂ ಟಪ್ ಟಪ್ ಅಂತ… ಎಷ್ಟು ತಿರುಪಿದ್ರೂ ನಿಲ್ಲಲಿಲ್ಲ. ಆ ಸದ್ದು ಕೇಳೋಕಾಗಲಿಲ್ಲ ನನಗೆ. ಅಮ್ಮ ಕಟ್ತಿದ್ದ ಹಾಗೆ ಕಟ್ಟಿದೆ.”

“ಭಾವನ ತಲೆಯಿಂದ ರಕ್ತವೂ ಹರೀತಿತ್ತಲ್ಲ ಅಕ್ಕ! ಅದನ್ನ ನಿಲ್ಲಿಸೋಕಾಗಲಿಲ್ವಾ ನಿನಗೆ?”

ಅಕ್ಕನ ಮುಖ ಕುಸಿಯಿತು. “ಹಕ್ಕಿ ಮಾಮ ದಿನಾ ಆ ಹೊತ್ತಿಗೆ ಬರ್ತಾನೆ. ಬಂದೇ ಬರ್ತಾನೆ ಅಂತ ಗೊತ್ತಿತ್ತು. ಮರದ ಮರೇಲಿ ನಿಂತಿದ್ದೆ, ಅವನು ಬರೋವರೆಗೂ. ಆಂಬುಲೆನ್ಸ್ ಬರೋವರೆಗೂ.”

“ನೀನು ತಳ್ಳಿದ್ಯಾ?”

ಅಕ್ಕ ತನ್ನ ಬಲಗೈಯನ್ನು ಮಡಿಲಲ್ಲಿ ಇಟ್ಟುಕೊಂಡು ಅದನ್ನೇ ನೋಡಿದಳು, ಬೇರೆ ಯಾರದೋ ಕೈ ಎಂಬಂತೆ.

“ಒಂದು ಗಿಡಕ್ಕೋಸ್ಕರ ಕೆರೇನೇ ಕಳೀಬೇಡಿ ಅಂತ ಕೈ ಮುಗಿದೆ. ನಗ್ತಾ ನಿಂತಿದ್ರು. ‘ಸುಳ್ಳಿನ ಮೇಲೆ ಕಟ್ಟಿದ ಏರಿ ನಿಲ್ಲಲ್ಲ ಮಾರಾಯ್ತಿ’ ಅಂದ್ರು. ಮೂವತ್ತು ವರ್ಷ ಕಣೇ. ಕೆಸರಲ್ಲಿ ನಿಂತು ಹೂಳೆತ್ತಿದವಳು ನಾನು. ಆ ಕಂಟ್ರಾಕ್ಟರ್ ಬಂದ್ರೆ ಬರೋ ವರ್ಷ ಅಲ್ಲಿ ಅಂಗಡಿ ಇರ್ತವೆ, ಕೆರೆ ಇರಲ್ಲ.”

“ಅದಕ್ಕೆ ಡ್ರೈವರ್ ಜೈಲಿಗೆ ಹೋಗಬೇಕಾ?”

ಬಾಗಿಲು ಬಡಿದ ಸದ್ದಾಯಿತು. “ಅಕ್ಕಾ, ಹೊತ್ತಾಯ್ತು. ಎಲ್ಲರೂ ಕಾಯ್ತಿದ್ದಾರೆ.”

ಅಕ್ಕ ಎದ್ದಳು. ಶಾಲನ್ನು ತಂಗಿಯ ಕೈಯಿಂದ ಬಿಡಿಸಿಕೊಂಡು ಹೊದ್ದಳು. ಕುಚ್ಚು ಕಿತ್ತ ಅಂಚನ್ನು ಒಳಕ್ಕೆ ಮಡಚಿಕೊಂಡಳು.

“ನಾಳೆ ಬೆಳಗ್ಗೆ ನಾನೇ ಸ್ಟೇಷನ್ನಿಗೆ ಬರ್ತೀನಿ. ನೀನೇ ಕರ್ಕೊಂಡು ಹೋಗು. ನಿನ್ನ ಸಾಕಿದ್ದಕ್ಕೆ ಇಷ್ಟು ದಿನ ಏನೂ ಕೇಳಿಲ್ಲ. ಇವತ್ತೊಂದು ಸಂಜೆ ಸುಮ್ಮನಿರು. ಅಷ್ಟೇ ಕೇಳೋದು.”

ಅವಳು ಬಾಗಿಲು ತೆರೆದು ವೇದಿಕೆಗೆ ನಡೆದಳು. ಹಾಲ್‌ನಲ್ಲಿ ಚಪ್ಪಾಳೆ ಸಿಡಿಯಿತು.

*

ಇನ್ಸ್‌ಪೆಕ್ಟರಮ್ಮ ಹೇಗೋ ಬಂದು ಹಿಂದಿನ ಸಾಲಿನಲ್ಲಿ ಕೂತಳು. ಒಂದು ಕಡೆ ತಾಯಿಯಂತೆ ಸಾಕಿದ ಅಕ್ಕ, ಇನ್ನೊಂದು ಕಡೆ ಮುಖವನ್ನೂ ನೋಡಿರದ ಡ್ರೈವರ್. ಅಡಕತ್ತರಿಯಲ್ಲಿ ಸಿಕ್ಕಿದ ಅಡಿಕೆಯಂತಾಗಿತ್ತು ಅವಳ ಪಾಡು. ಒಂದೇ ಒಂದು ಸಂಜೆ, ಎಂದುಕೊಂಡಳು. ನಾಳೆ ಬೆಳಗ್ಗೆ ಎಲ್ಲ ಸರಿಹೋಗುತ್ತದೆ. ಲಾಕಪ್ಪಿನಲ್ಲಿ ಒಂದು ರಾತ್ರಿ ಜಾಸ್ತಿ ಕಳೆದರೆ ಡ್ರೈವರ್ ಸಾಯುವುದಿಲ್ಲ. ಹೀಗೆಂದುಕೊಂಡ ಕ್ಷಣವೇ ಅವಳಿಗೆ ತನ್ನ ಮೇಲೆ ಅಸಹ್ಯವಾಯಿತು.

ಮುಂದಿನ ಸಾಲಿನಲ್ಲಿ ಲಾಯರಮ್ಮ ತಲೆ ತಗ್ಗಿಸಿ ಕೂತಿದ್ದಳು. ವೇದಿಕೆಯ ಮೇಲೆ ಅಕ್ಕ ಗಂಡನ ಹೆಸರೆತ್ತಿದಾಗ ಹಾಲ್‌ನ ಅರ್ಧ ಜನ ಕಣ್ಣೊರೆಸಿಕೊಂಡರು. ಆ ದುಃಖ ನಟನೆಯಾಗಿರಲಿಲ್ಲ.

ಜೇಬಿನಲ್ಲಿ ಫೋನು ನಡುಗಿತು. ಸಬ್ ಇನ್ಸ್‌ಪೆಕ್ಟರ್, ಹಿಂದೆ ಅವಳ ಕೈಕೆಳಗೆ ಕೆಲಸ ಕಲಿತವನು. ಅವಳು ಗೋಡೆಯ ಕಡೆಗೆ ತಿರುಗಿ ಕಿವಿಗೊಟ್ಟಳು.

“ಮೇಡಂ, ಆಸ್ಪತ್ರೆಯಿಂದ ಮಾತಾಡ್ತಿದ್ದೀನಿ. ಮೇಷ್ಟ್ರಿಗೆ ಎಚ್ಚರ ಆಯ್ತು.”

ಅವಳ ಕಣ್ಣು ತುಂಬಿಬಂತು. “ಮಾತಾಡಿದ್ರಾ?”

“ಮಾತಾಡಿದ್ರು. ಯಾರು ತಳ್ಳಿದ್ದು ಅಂತ ಕೇಳಿದೆ. ಯಾರೂ ಇಲ್ಲ, ನಾನೇ ಕಾಲು ಜಾರಿ ಬಿದ್ದೆ ಅಂತಾರೆ. ಎಷ್ಟು ಸಲ ಕೇಳಿದ್ರೂ ಅದನ್ನೇ ಹೇಳ್ತಾರೆ. ಹಾಗೇ ಬರ್ಕೊಂಡು ಡ್ರೈವರ್‌ನ ಬಿಟ್ಟುಬಿಡಲಾ ಮೇಡಂ?”

ಭಾವ! ತಲೆಯೊಡೆದ ನೋವಿನಲ್ಲೂ ಹೆಂಡತಿಯನ್ನು ಕಾಯುತ್ತಿದ್ದರು. ಸುಳ್ಳು ಹೇಳಿದವರಿಗೆ ಓಟಿಲ್ಲ ಎಂದ ಮನುಷ್ಯ ತಾನೇ ಸುಳ್ಳು ಹೇಳಿದ್ದರು. 'ಬಿಡು' ಎಂದು ಒಂದು ಮಾತು ಹೇಳಿದರೆ ಸಾಕು, ಡ್ರೈವರ್ ಮನೆಗೆ ಹೋಗುತ್ತಾನೆ, ಅಕ್ಕ ಉಳಿಯುತ್ತಾಳೆ, ಕೆರೆ ಉಳಿಯುತ್ತದೆ. ಎಲ್ಲರಿಗೂ ಒಳ್ಳೆಯದೇ. ಅವಳ ಎದೆಯ ಭಾರ ಇಳಿಯಿತು.

“ಬಿಟ್ಟುಬಿಡು,” ಎಂದಳು.

“ಸರಿ ಮೇಡಂ. ಇನ್ನೊಂದು ಮಾತು. ಅದು ನಮಗೆ ಅರ್ಥ ಆಗ್ಲಿಲ್ಲ. ನಿಮಗೇ ತಿಳಿಸ್ಬೇಕಂತೆ. ‘ನನ್ನ ಮಾತು ಇಲ್ಲ ಅಂತಾನೇ. ನಾದಿನಿ ಎದ್ದು ನಿಂತು ಹೇಳ್ಲಿ’ ಅಂದ್ರು. ಹೇಳಿ ಮತ್ತೆ ಕಣ್ಣು ಮುಚ್ಚಿದ್ರು. ಏನು ಮೇಡಂ ಹಾಗಂದ್ರೆ?”

ಹಾಗೆಂದರೇನು ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಸಭೆಗೆ ಬರಲಾಗದ ಸದಸ್ಯ ತನ್ನ ಮನೆಯವರ ಬಾಯಲ್ಲಿ ಮಾತು ಕಳಿಸಬಹುದು. ಅದೂ ಭಾವನೇ ಮಾಡಿದ ಕಟ್ಟುಪಾಡು. ಹೆಂಡತಿಯನ್ನು ಕ್ಷಮಿಸಿದ್ದರು, ಗಿಡದ ಸುಳ್ಳನ್ನು ಕ್ಷಮಿಸಿರಲಿಲ್ಲ.

ವೇದಿಕೆಯ ಮೇಲೆ ಅಕ್ಕ ಲಾಯರಮ್ಮನ ಹೆಸರು ಹೇಳಿದಳು. ಚಪ್ಪಾಳೆ ಅಡಗಿದ ಮೇಲೆ ಬಳಗದ ಪದ್ಧತಿಯಂತೆ ಮೈಕಿನಲ್ಲಿ ಕೇಳಿದಳು.

“ಇಲ್ಲ ಅನ್ನೋರು ಯಾರಾದ್ರೂ ಇದ್ದೀರಾ?”

ಯಾರೂ ಮಾತಾಡಲಿಲ್ಲ. ಹಕ್ಕಿ ಮಾಮ ಮಾತ್ರ ಹಿಂತಿರುಗಿ ಇನ್ಸ್‌ಪೆಕ್ಟರಮ್ಮನನ್ನು ನೋಡಿದ. ಅವನ ಕೈಯಲ್ಲಿ ಇನ್ನೂ ಆ ವಾಷರ್ ಇತ್ತು.

“ಇಲ್ಲ ಅನ್ನೋರು ಯಾರಾದ್ರೂ ಇದ್ದೀರಾ?”

ಲಾಯರಮ್ಮ ಕಣ್ಣು ಮುಚ್ಚಿಕೊಂಡಳು.

ಮೂರನೆಯ ಸಲ ಕೇಳುವ ಮೊದಲು ಅಕ್ಕ ಹಾಲ್‌ನ ಹಿಂದಿನ ಸಾಲಿನವರೆಗೂ ಕಣ್ಣಾಡಿಸಿದಳು. ತಂಗಿಯ ಕೈಯಲ್ಲಿ ಫೋನು, ತಂಗಿಯ ಕೆನ್ನೆಯ ಮೇಲೆ ನೀರು. ಗಂಡನಿಗೆ ಎಚ್ಚರವಾಯಿತೆಂದು ಅಷ್ಟರಿಂದಲೇ ಅವಳಿಗೆ ತಿಳಿಯಿತು. ಅವರು ಏನು ಹೇಳಿರಬಹುದೆಂಬುದು ಮಾತ್ರ ತಿಳಿಯಲಿಲ್ಲ. ಮೈಕನ್ನು ಬಲಗೈಯಿಂದ ಎಡಗೈಗೆ ಬದಲಿಸಿದಳು.

“ಇಲ್ಲ… ಅನ್ನೋರು…”

ಕುರ್ಚಿ ಕಿರ್ರೆಂದಿತು. ಇನ್ಸ್‌ಪೆಕ್ಟರಮ್ಮ ಎದ್ದು ನಿಂತಿದ್ದಳು. ಹಾಲ್‌ನ ತಲೆಗಳೆಲ್ಲ ಒಟ್ಟಿಗೆ ಹಿಂದಕ್ಕೆ ತಿರುಗಿದವು.

ಅಕ್ಕ ಮೈಕನ್ನು ಬಾಯಿಂದ ದೂರ ಹಿಡಿದಳು. ಜಡೆ ಹಾಕಿ ಶಾಲೆಗೆ ಕಳಿಸುತ್ತಿದ್ದ ದಿನಗಳಲ್ಲಿ ಪಾಠ ಒಪ್ಪಿಸು ಎನ್ನುತ್ತಿದ್ದ ದನಿಯಲ್ಲೇ, ಆದರೆ ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ ಅಂದಳು:

“ಹೇಳೇ. ಪೂರ್ತಿ ಹೇಳು.”